ಗಾಳದ ಕೋಲು: ಬಿದಿರಿನಿಂದ ಬಾಸ್ ರಾಡ್‌ವರೆಗೆ

ಗಾಳದ ಕೋಲು: ದಾರಕ್ಕೆ ಕಟ್ಟಿದ ಗಾಳವನ್ನು ಮೀನಿರುವಲ್ಲಿಗೆ ತಲುಪಿಸಲು, ಮೀನು ಮುಟ್ಟಿದ್ದನ್ನು ಕೈಗೆ ತಿಳಿಸಲು, ಕಚ್ಚಿದ ಮೀನನ್ನು ದಾರ ಹರಿಯದ ಹಾಗೆ ದಣಿಸಿ ದಡಕ್ಕೆ ತರಲು ಬಳಸುವ ಬಳುಕುವ ಕೋಲು. ಮೊದಲ ಮತ್ತು ಕೊನೆಯ ಕೆಲಸಗಳನ್ನು ಅಡಿಯಲ್ಲೋ ಕಿಲೋದಲ್ಲೋ ಅಳೆಯಬಹುದು. ನಡುವಿನದು ಸುಲಭವಾಗಿ ಅಳತೆಗೆ ಸಿಗುವುದಿಲ್ಲ. ಅಂಗಡಿಯಲ್ಲಿ ಕೋಲಿನ ಬೆಲೆ ಏರುವುದು ಮಾತ್ರ ಹೆಚ್ಚಾಗಿ ಆ ನಡುವಿನ ಕೆಲಸದ ಹೆಸರಿನಲ್ಲೇ.

ಕನ್ನಡದಲ್ಲಿ ಗಾಳ ಎನ್ನುವುದಕ್ಕೆ ಗಾಣ ಎಂಬ ರೂಪವೂ ಉಂಟು. ಎಣ್ಣೆಯ ಗಾಣಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರಿನ ಮೇಲೆ ತೇಲಿ ಸುಳಿವು ಕೊಡುವ ತುಣುಕಿಗೆ ಬೆಂಡು ಎನ್ನುತ್ತಾರೆ. ಒಣಗಿದ ಜೋಳದ ದಂಟಿನ ಒಳತಿರುಳೂ ಬೆಂಡೇ ಆದ್ದರಿಂದ ವಸ್ತು ಮತ್ತು ಉಪಕರಣ ಎರಡಕ್ಕೂ ಒಂದೇ ಹೆಸರು ಸಾಕಾಗಿದೆ. ಕೋಲಿಗೆ ಮಾತ್ರ ಬೇರೆ ಹೆಸರು ಹುಟ್ಟಲಿಲ್ಲ. ಕೋಲು, ಗಳ, ಕಡ್ಡಿ, ಈಗ ರಾಡ್.

ನೆಲೆ

ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಸೀಮೆಯನ್ನು ಉದಾಹರಣೆಗೆ ಹಿಡಿದರೆ ಈ ಉಪಕರಣದ ಚರಿತ್ರೆಯೆಲ್ಲ ಒಂದೇ ದಿನದ ಓಡಾಟದಲ್ಲಿ ಕಾಣಸಿಗುತ್ತದೆ. ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡಿ ಹೊನ್ನಾಳಿಯ ಮೇಲೆ ಹರಿದುಬರುವ ಹೊಳೆ ತಾಲ್ಲೂಕಿನ ಪಶ್ಚಿಮದ ಗಡಿ. ಸೂಳೆಕೆರೆಯಿಂದ ಇಳಿಯುವ ಹರಿದ್ರಾ ಹಳ್ಳ ಹರಿಹರದ ಬಳಿ ಹೊಳೆ ಸೇರುತ್ತದೆ. ಉಳಿದದ್ದು ಭದ್ರಾ ನಾಲೆಯ ಅಚ್ಚುಕಟ್ಟು: ಭತ್ತದ ಗದ್ದೆ, ತೂಬು, ಕಿರುಗಾಲುವೆ, ಅಲ್ಲಲ್ಲಿ ಜೊಂಡು ಬೆಳೆದ ಕೆರೆ. ಹೊಳೆಯ ಮಡುವಿನಲ್ಲಿ ಬಾಳೆಮೀನು, ಗೆಂಡೆ. ಕೆರೆಯ ಜೊಂಡಿನಲ್ಲಿ ಕೊರವ. ನಾಲೆಯಲ್ಲಿ ಪಕ್ಕೆ, ಚೇಳುಮೀನು, ಮತ್ತು ಎಲ್ಲೆಲ್ಲೂ ತುಂಬಿಕೊಂಡಿರುವ ಜಿಲೇಬಿ ಎಂಬ ಮೀನು. ನೀರು ಮೂರು ಬಗೆ, ಮೀನಿನ ಸ್ವಭಾವವೂ ಮೂರು ಬಗೆ. ಒಂದೇ ಕೋಲು ಎಲ್ಲದಕ್ಕೂ ಒಗ್ಗುವುದಿಲ್ಲ.

ಬಿದಿರಿನ ಕೋಲು

ನಾಲೆಯ ಏರಿಯ ಮೇಲೆ ಕೂತವರ ಕೈಯಲ್ಲಿರುವುದು ಸಾಮಾನ್ಯವಾಗಿ ಹತ್ತು ಹನ್ನೆರಡು ಅಡಿಯ ಬಿದಿರು. ಇದಕ್ಕೆ ಹೆಬ್ಬಿದಿರು ಆಗದು. ಅದು ದಪ್ಪ, ಒಳಗೆ ಟೊಳ್ಳು, ಮೇಲಾಗಿ ಮುಳ್ಳು. ಬೇಕಾದದ್ದು ಒಣಕಾಡಿನ ಕಿರುಬಿದಿರು. ಇದನ್ನೇ ಗಟ್ಟಿಬಿದಿರು ಎಂದೂ ಕರೆಯುತ್ತಾರೆ. ಒಳಗೆ ಟೊಳ್ಳು ಇರುವುದಿಲ್ಲ, ಇದ್ದರೂ ಕೂದಲೆಳೆಯಷ್ಟು. ಬುಡ ಹೆಬ್ಬೆರಳಿಗಿಂತ ತುಸು ದಪ್ಪ, ತುದಿ ಪೆನ್ಸಿಲ್ಲಿಗಿಂತ ಸಣ್ಣ. ಗೆಣ್ಣುಗಳು ಹತ್ತಿರ ಹತ್ತಿರ ಇದ್ದಷ್ಟೂ ಕೋಲು ಒಳ್ಳೆಯದು. ಅಮಾವಾಸ್ಯೆಯ ಸುತ್ತ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುವುದಿಲ್ಲ ಎಂಬುದು ಬಲವಾದ ನಂಬಿಕೆ. ಕುಟ್ಟೆಹುಳು ಬರುವುದು ಬಿದಿರಿನೊಳಗಿನ ಪಿಷ್ಟಕ್ಕೆ. ಪಿಷ್ಟ ಕಡಿಮೆಯಿರುವ ಕಾಲ ನೋಡಿ ಕಡಿಯುವುದಂತೂ ಜಾಣತನವೇ.

ಕಡಿದ ಕೋಲನ್ನು ನೆರಳಿನಲ್ಲಿ ಒಣಗಿಸಿ, ಡೊಂಕಿರುವಲ್ಲಿ ಬೆಂಕಿಗೆ ಹಿಡಿದು, ಬಿಸಿಯಿರುವಾಗಲೇ ಮಂಡಿಗೆ ಒತ್ತಿ ನೇರ ಮಾಡುತ್ತಾರೆ. ಮೇದಾರರ ಕೈಯಲ್ಲಿ ಇದು ಎರಡು ನಿಮಿಷದ ಕೆಲಸ. ಹೊಸಬ ಮಾಡಿದರೆ ಕೋಲು ಸುಟ್ಟಿರುತ್ತದೆ, ಇಲ್ಲವೇ ಮೊದಲಿಗಿಂತ ಡೊಂಕಾಗಿರುತ್ತದೆ. ಆಮೇಲೆ ತುದಿಯ ಗೆಣ್ಣಿನ ಕೆಳಗೆ ನೈಲಾನ್ ದಾರದ ಗಂಟು. ದಾರದ ಉದ್ದ ಕೋಲಿನಷ್ಟೇ, ಹೆಚ್ಚೆಂದರೆ ಒಂದು ಮೊಳ ಜಾಸ್ತಿ. ನಡುವೆ ಬೆಂಡು, ಕೆಳಗೆ ಸೀಸದ ಚೂರು, ಗಾಳ, ಎರೆಹುಳು.

ಈ ಕೋಲಿನಲ್ಲಿ ರೀಲಿಲ್ಲ, ಉಂಗುರಗಳಿಲ್ಲ. ಕೋಲು ಮತ್ತು ದಾರ ತಲುಪುವ ಇಪ್ಪತ್ತು ಇಪ್ಪತ್ತೈದು ಅಡಿಯೇ ಅದರ ಲೋಕ. ಮೀನು ಕುಟುಕಿದ್ದು ಕೈಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ: ಬೆಂಡು ಎರಡು ಸಲ ನಡುಗಿ, ಓರೆಯಾಗಿ, ಸರ್ರನೆ ಕೆಳಗಿಳಿಯುತ್ತದೆ. ಜಿಲೇಬಿಯಾದರೆ ಕುಟುಕಿ ಕುಟುಕಿ ಎರೆಹುಳುವನ್ನೆಲ್ಲ ತಿಂದು ಮುಗಿಸಿರುತ್ತದೆ, ಬೆಂಡು ಮುಳುಗುವುದೇ ಇಲ್ಲ. ಹಸಿ ಬಿದಿರು ಭಾರ, ಚೆನ್ನಾಗಿ ಒಣಗಿದ್ದು ಹಗುರ. ಆದರೆ ಎಷ್ಟೇ ಒಣಗಿದರೂ ಒಂದು ತಾಸು ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಅದಕ್ಕೇ ಅನುಭವಸ್ಥರು ಬುಡವನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂರುವುದು.

ಹಳೆಯ ದಾಖಲೆ

ಗಾಳದ ಮೀನುಬೇಟೆಯನ್ನು ವಿನೋದವೆಂದು ಗಣಿಸಿ ಬರೆದ ಜಗತ್ತಿನ ಹಳೆಯ ಬರಹಗಳಲ್ಲೊಂದು ಕನ್ನಡ ನಾಡಿನ ಅರಸನದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಆಹಾರ ಹಾಕಿ ಪಳಗಿಸಬೇಕು, ಗಾಳದಲ್ಲಿ ಹೇಗೆ ಹಿಡಿಯಬೇಕು ಎಂಬುದು ಅದರ ವಿಷಯ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಮೊದಲ ಬರಹ ಅಚ್ಚಾದದ್ದು 1496ರಲ್ಲಿ. ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ ಇಂದಿನ ದಾವಣಗೆರೆ ಸೀಮೆಯೂ ಆ ರಾಜ್ಯದ ಒಳಗೇ ಇತ್ತು.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ನಮ್ಮ ಗಟ್ಟಿಬಿದಿರು ಹಡಗು ಹತ್ತಿ ಬೇರೆಯದೇ ವೇಷ ತೊಟ್ಟಾಗಿತ್ತು. ಕಲ್ಕತ್ತೆಯ ರೇವಿನಿಂದ ಹೋಗುತ್ತಿದ್ದ ಇದೇ ಜಾತಿಯ ಬಿದಿರನ್ನು ಇಂಗ್ಲೆಂಡ್, ಅಮೆರಿಕದವರು ಕಲ್ಕತ್ತಾ ಕೇನ್ ಎನ್ನುತ್ತಿದ್ದರು. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಕೋವಿ ಕಮ್ಮಾರ ಸ್ಯಾಮ್ಯುಯೆಲ್ ಫಿಲಿಪ್ 1840ರ ದಶಕದಲ್ಲಿ ಬಿದಿರನ್ನು ಸೀಳಿ, ದಬ್ಬೆಗಳನ್ನು ಹೆರೆದು, ಅಂಟಿಸಿ ಕೋಲು ಮಾಡತೊಡಗಿದ. ಬಿದಿರಿನ ಬಲವೆಲ್ಲ ಹೊರಚರ್ಮದ ಹತ್ತಿರದ ನಾರಿನಲ್ಲಿದೆ. ಒಳಗಿನ ಮೆತ್ತನೆ ಭಾಗವನ್ನು ತೆಗೆದು ಹೊರನಾರನ್ನು ಮಾತ್ರ ಸುತ್ತಲೂ ಕೂಡಿಸಿದರೆ ತೆಳುವಾದ ಕೋಲಿಗೂ ಗಟ್ಟಿತನ ಬರುತ್ತದೆ. ಆರು ದಬ್ಬೆಯ ಷಟ್ಕೋನ ಕೋಲು ಮುಂದೆ ನೂರು ವರ್ಷ ಮೇರುವಾಗಿ ಉಳಿಯಿತು. ಕಲ್ಕತ್ತೆಯ ಬಿದಿರಿನ ಮೇಲೆ ಸುಟ್ಟ ಕಲೆಗಳಿರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಚೀನಾದ ಗುವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರು ಬಂದು ಅದನ್ನು ಮೂಲೆಗೆ ತಳ್ಳಿತು.

ಗಾಜಿನ ನಾರು, ಕಾರ್ಬನ್ ನಾರು

ಗಾಜಿನ ನಾರಿನ ಕೋಲು ಮಾರುಕಟ್ಟೆಗೆ ಬಂದದ್ದು 1947ರಲ್ಲಿ, ಅಮೆರಿಕದ ಶೇಕ್ಸ್‌ಪಿಯರ್ ಕಂಪನಿಯಿಂದ. ವಿಧಾನ ಕಂಡುಹಿಡಿದವನು ಆರ್ಥರ್ ಹೊವಾಲ್ಡ್. 1950ರಲ್ಲಿ ಚೀನಾದ ಸರಕಿಗೆ ಅಮೆರಿಕ ಬಾಗಿಲು ಮುಚ್ಚಿದ್ದರಿಂದ ಟೊಂಕಿನ್ ಬಿದಿರು ನಿಂತು, ಗಾಜಿನ ಕೋಲಿಗೆ ದಾರಿ ಸಲೀಸಾಯಿತು. ನೀರಿಗೆ ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ಬೈಕಿನ ಹಿಂದೆ ಕಟ್ಟಿಕೊಂಡು ಹೋದರೂ ಮುರಿಯುವುದಿಲ್ಲ. ನಮ್ಮ ಕಡೆ ಅಗ್ಗಕ್ಕೆ ಸಿಗುವ, ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ರಾಡ್‌ಗಳಲ್ಲಿ ಹೆಚ್ಚಿನವು ಇವತ್ತಿಗೂ ಗಾಜಿನ ನಾರಿನವೇ, ಮೇಲೆ ಕಾರ್ಬನ್ ಎಂದು ಬರೆದಿದ್ದರೂ. ಈ ಲೇಖಕ ಹಾಗೆ ಬರೆದದ್ದನ್ನು ನಂಬಿ ಕೊಂಡ ಕೋಲೊಂದು ಎರಡನೆಯ ತಿಂಗಳು ಕೀಲಿನಲ್ಲಿ ಬಿರಿದಾಗ ಒಳಗೆ ಕಂಡದ್ದು ಬೆಳ್ಳನೆಯ ಗಾಜಿನ ಎಳೆ.

ಕಾರ್ಬನ್ ನಾರಿನ ಕಥೆಗೂ ಹರಿಹರಕ್ಕೂ ದೂರದ ನಂಟೊಂದಿದೆ. ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ಮರದಿಂದ ರೇಯಾನ್‌ಗೆ ಬೇಕಾದ ಪಲ್ಪ್ ತಯಾರಿಸುತ್ತಿದೆ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಮೊದಮೊದಲ ಕಾರ್ಬನ್ ನಾರನ್ನು ಇಂಥ ರೇಯಾನ್ ಎಳೆಯನ್ನೇ ಗಾಳಿಯಾಡದಂತೆ ಸುಟ್ಟು ತೆಗೆದರು. 1961ರಲ್ಲಿ ಜಪಾನಿನ ಅಕಿಯೋ ಶಿಂಡೊ ಅಕ್ರಿಲಿಕ್ ಎಳೆಯಿಂದ ತೆಗೆದದ್ದು ಹೆಚ್ಚು ಲಾಭದ ದಾರಿಯಾಯಿತು. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯ ಅದೇ ದಶಕದಲ್ಲಿ ಅದಕ್ಕೆ ಬಲ ತುಂಬಿತು. 1973ರಲ್ಲಿ ಅಮೆರಿಕದ ಫೆನ್ವಿಕ್ ಕಂಪನಿ ಅದರಿಂದ ಕೋಲು ಮಾಡಿ ಮಾರಿತು. ತುಂಗಭದ್ರೆಯ ಮೀನುಗಾರರ ನೆನಪಿನಲ್ಲಿ ಕುಮಾರಪಟ್ಟಣದ ಹೆಸರು ಉಳಿದಿರುವುದು ನೂಲಿಗಲ್ಲ, ನೀರಿಗೆ. ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಕರ್ನಾಟಕದ ಪರಿಸರ ಚಳವಳಿಯ ದೊಡ್ಡ ಅಧ್ಯಾಯ.

ಕೋಲಿನ ಮೇಲೆ 24 ಟನ್, 30 ಟನ್, 40 ಟನ್ ಎಂದು ಬರೆದಿರುತ್ತದೆ. ಅಷ್ಟು ಭಾರ ಎತ್ತುತ್ತದೆ ಎಂದು ತಿಳಿದು ಬೆರಗಾಗುವವರಿದ್ದಾರೆ. ಅದು ನಾರಿನ ಬಿಗುವಿನ ಅಳತೆ, ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂಬ ಜಪಾನಿ ಲೆಕ್ಕ. ಗಾಜಿನ ನಾರಿಗೆ ಇದೇ ಲೆಕ್ಕದಲ್ಲಿ ಬರುವುದು ಏಳು ಟನ್‌ನ ಆಸುಪಾಸು. ಟನ್ ಏರಿದಷ್ಟೂ ಅದೇ ಬಿಗುವಿಗೆ ಕಡಿಮೆ ನಾರು ಸಾಕು. ಆದ್ದರಿಂದ ಕೋಲು ಹಗುರ, ಗೋಡೆ ತೆಳು. ತೆಳು ಗೋಡೆ ಕಲ್ಲಿಗೆ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಮುಂದಿನ ಮೀನಿಗೆ ಟಪ್ಪೆಂದು ಮುರಿಯುತ್ತದೆ. ನಾಲೆಯ ಕಲ್ಲುಕಟ್ಟಡದ ಮೇಲೆ ನಿಂತು ಹಿಡಿಯುವವರಿಗೆ 24 ಟನ್ನೇ ಕ್ಷೇಮ.

ಅಂಗಗಳು

ಕೋಲಿನ ಬರಿ ಮೈಗೆ ಬ್ಲ್ಯಾಂಕ್ ಎನ್ನುತ್ತಾರೆ. ಅಂಟು ಸವರಿದ ನಾರಿನ ಹಾಳೆಯನ್ನು ಉಕ್ಕಿನ ಸಲಾಕೆಗೆ ಸುತ್ತಿ, ಬಿಗಿಯಾಗಿ ಪಟ್ಟಿ ಕಟ್ಟಿ, ಒಲೆಯಲ್ಲಿ ಬೇಯಿಸಿ, ಸಲಾಕೆಯನ್ನು ಎಳೆದು ತೆಗೆದರೆ ಬ್ಲ್ಯಾಂಕ್ ಸಿದ್ಧ. ಹಾಳೆಯ ಅಂಚು ಒಂದರ ಮೇಲೊಂದು ಬರುವ ಕಡೆ ಕೋಲು ತುಸು ಬಿರುಸು.

ಬ್ಲ್ಯಾಂಕ್ ಮೇಲಿನ ಉಂಗುರಗಳಿಗೆ ಗೈಡ್ ಎನ್ನುವುದು ರೂಢಿ. ಖರೀದಿಯಲ್ಲಿ ಜನ ಬ್ಲ್ಯಾಂಕ್ ನೋಡುತ್ತಾರೆ, ರೀಲು ನೋಡುತ್ತಾರೆ, ಗೈಡ್ ನೋಡುವವರು ಕಡಿಮೆ. ಕೋಲು ಹಾಳಾಗುವುದು ಮಾತ್ರ ಹೆಚ್ಚಾಗಿ ಇಲ್ಲಿಂದಲೇ. ಲೋಹದ ಚೌಕಟ್ಟಿನೊಳಗೆ ಪಿಂಗಾಣಿಯಂಥ ಬಳೆ ಕೂರಿಸಿರುತ್ತಾರೆ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ಆಕ್ಸೈಡ್, ಒಳ್ಳೆಯದರಲ್ಲಿ ಸಿಲಿಕಾನ್ ಕಾರ್ಬೈಡ್. ಜಪಾನಿನ ಫುಜಿ ಕಂಪನಿಯ ಗೈಡ್‌ಗಳು ಈ ಕೆಲಸಕ್ಕೆ ಹೆಸರುವಾಸಿ. ಬಳೆ ಬಿರುಕು ಬಿಟ್ಟರೆ ದಾರವನ್ನು ಕತ್ತರಿಯಂತೆ ಕೊರೆಯುತ್ತದೆ. ಪರೀಕ್ಷೆ ಸುಲಭ: ಪ್ರತಿ ಗೈಡಿನೊಳಗೂ ಒಂದು ಚೂರು ಹತ್ತಿ ಆಡಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಅಡಿ ಎಷ್ಟೋ ಅದಕ್ಕಿಂತ ಒಂದು ಹೆಚ್ಚು ಗೈಡ್ ಇರಬೇಕೆಂಬುದು ಸ್ಥೂಲ ಲೆಕ್ಕ. ಏಳಡಿಯ ಕೋಲಿಗೆ ಐದೇ ಇದ್ದರೆ ಬಾಗಿದಾಗ ದಾರ ಕೋಲಿನ ಬಾಗನ್ನು ಅನುಸರಿಸದೆ ಅಡ್ಡಹಾಯುತ್ತದೆ, ಭಾರವೆಲ್ಲ ಒಂದೆರಡು ಕಡೆ ಬೀಳುತ್ತದೆ. ಗೈಡನ್ನು ಕೋಲಿಗೆ ಬಿಗಿದ ನೂಲು ಸಡಿಲವಾದರೆ ಮನೆಯಲ್ಲೇ ಹೊಲಿಗೆಯ ನೈಲಾನ್ ನೂಲು ಸುತ್ತಿ ಮೇಲೆ ಉಗುರುಬಣ್ಣ ಬಳಿಯಬಹುದು. ಚೆಂದ ಕಾಣುವುದಿಲ್ಲ, ಒಂದು ಮಳೆಗಾಲ ತಡೆಯುತ್ತದೆ.

ಹಿಡಿ ಎರಡು ಬಗೆ. ಬೆಂಡಿನಂತೆ ಹಗುರವಾದ ಕಾರ್ಕ್ ಓಕ್ ಮರದ ತೊಗಟೆ, ಬರುವುದು ಹೆಚ್ಚಾಗಿ ಪೋರ್ಚುಗಲ್‌ನಿಂದ. ಇನ್ನೊಂದು ಇವಿಎ ಎಂಬ ಕಪ್ಪು ಸ್ಪಂಜು. ಒದ್ದೆ ಕೈಗೆ ಕಾರ್ಕ್ ಜಾರುವುದಿಲ್ಲ. ಎರೆಹುಳುವಿನ ಮಣ್ಣು, ಮೀನಿನ ಲೋಳೆ ಮೆತ್ತಿ ಬೇಗ ಕೊಳಕಾಗುತ್ತದೆ. ಸ್ಪಂಜಿನ ಕೊಳೆ ತೊಳೆದರೆ ಹೋಗುತ್ತದೆ. ರೀಲು ಕೂರುವ ಜಾಗದಲ್ಲಿ ಬ್ಲ್ಯಾಂಕನ್ನು ಬರಿದಾಗಿ ಬಿಟ್ಟಿರುವ ಕೋಲುಗಳಲ್ಲಿ ಬೆರಳು ನೇರ ಕಾರ್ಬನ್ ಮೇಲೇ ಕೂರುತ್ತದೆ.

ರೀಲು ಕೆಳಗೆ ತೂಗುವಂತಿದ್ದು ಮೊದಲ ಗೈಡ್ ದೊಡ್ಡದಾಗಿದ್ದರೆ ಸ್ಪಿನ್ನಿಂಗ್ ರಾಡ್. ರೀಲು, ಗೈಡ್ ಎರಡೂ ಮೇಲ್ಗಡೆ ಇದ್ದು, ಕೆಳಗೆ ಬೆರಳಿಗೆ ಕೋವಿಯ ಕುದುರೆಯಂಥ ಕೊಕ್ಕೆಯಿದ್ದರೆ ಕಾಸ್ಟಿಂಗ್ ರಾಡ್. ಎರಡನೆಯದು ಭಾರದ ದಾರಕ್ಕೆ, ಗುರಿಯಿಟ್ಟ ಎಸೆತಕ್ಕೆ ಒಳ್ಳೆಯದು. ಕಲಿಯುವ ತನಕ ದಾರವೆಲ್ಲ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ.

ಬಲ, ಬಾಗು, ಸ್ಪರ್ಶ

ಬಲವೆಂದರೆ ಕೋಲನ್ನು ಬಾಗಿಸಲು ಎಷ್ಟು ಭಾರ ಬೇಕು ಎಂಬುದು. ಎಲ್, ಎಂಎಲ್, ಎಂ, ಎಂಎಚ್, ಎಚ್ ಎಂಬ ಅಕ್ಷರಗಳು ಹಗುರದಿಂದ ಭಾರದ ಕಡೆಗೆ ಸಾಗುತ್ತವೆ. ಕಂಪನಿಗಳ ನಡುವೆ ಇದಕ್ಕೆ ಒಪ್ಪಿದ ಅಳತೆಯಿಲ್ಲ, ಒಬ್ಬರ ಎಂ ಇನ್ನೊಬ್ಬರ ಎಂಎಚ್ ಆಗಬಹುದು. ಬಾಗು ಎಂದರೆ ಕೋಲು ಎಲ್ಲಿ ಮಣಿಯುತ್ತದೆ ಎಂಬುದು. ತುದಿಯ ಮೂರನೇ ಒಂದು ಭಾಗ ಮಾತ್ರ ಮಣಿದರೆ ಫಾಸ್ಟ್, ಅರ್ಧದವರೆಗೆ ಮಣಿದರೆ ಮಾಡರೇಟ್, ಬುಡದವರೆಗೂ ಬಂದರೆ ಸ್ಲೋ. ನಮ್ಮ ಬಿದಿರು ಸಹಜವಾಗಿ ಕೊನೆಯ ಎರಡರ ನಡುವಿನದು.

ಸ್ಪರ್ಶದ ಮಾತಿಗೆ ಬಂದರೆ ವರ್ಣನೆ ಜಾಸ್ತಿ, ಲೆಕ್ಕ ಕಡಿಮೆ. ಕಾರಣ ಸರಳ: ಹಗುರವೂ ಬಿರುಸೂ ಆದ ವಸ್ತು ಸಣ್ಣ ಕಂಪನವನ್ನು ನುಂಗದೆ ಕೈಗೆ ಸಾಗಿಸುತ್ತದೆ, ಭಾರವೂ ಮೆತ್ತಗೂ ಇರುವುದು ನುಂಗುತ್ತದೆ. ಆದರೆ ಆ ಕಂಪನ ಮೊದಲು ದಾರದಲ್ಲಿ ಬರಬೇಕಲ್ಲ. ಸಾದಾ ನೈಲಾನ್ ದಾರ ಹರಿಯುವ ಮೊದಲು ತನ್ನ ಉದ್ದದ ಐದನೇ ಒಂದು ಭಾಗದಷ್ಟು ಹಿಗ್ಗಬಲ್ಲದು. ನೇಯ್ದ ಬ್ರೇಡ್ ದಾರ ಹಿಗ್ಗುವುದೇ ಇಲ್ಲವೆನ್ನಬೇಕು. ದುಬಾರಿ ಕಾರ್ಬನ್ ಕೋಲಿಗೆ ಹಳೆಯ ನೈಲಾನ್ ಹಾಕಿದವನಿಗಿಂತ ಗಾಜಿನ ಕೋಲಿಗೆ ಬ್ರೇಡ್ ಹಾಕಿದವನಿಗೆ ಮೀನು ಮುಟ್ಟಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಕೋಲಿಗೆ ಸಲ್ಲುವ ಹೊಗಳಿಕೆಯಲ್ಲಿ ಅರ್ಧ ದಾರಕ್ಕೆ ಸೇರಬೇಕಾದದ್ದು. ಉಳಿದರ್ಧದಲ್ಲೂ ಒಂದು ಪಾಲು ಸಮತೋಲದ್ದು. ರೀಲು ಹಾಕಿ, ಅದರ ಮುಂದೆ ಒಂದು ಬೆರಳಿನ ಮೇಲೆ ಕೋಲನ್ನು ನಿಲ್ಲಿಸಿ ನೋಡಿ. ತುದಿ ನೆಲಕ್ಕೆ ಬೀಳುತ್ತಿದ್ದರೆ ನೂರೈವತ್ತು ಗ್ರಾಮಿನ ಕೋಲೂ ಸಂಜೆಯ ಹೊತ್ತಿಗೆ ಭಾರ.

ಬಾಸ್ ರಾಡ್ ಮತ್ತು ಕೊರವ

ಅಂಗಡಿಗಳಲ್ಲಿ ಬಾಸ್ ರಾಡ್ ಎಂಬ ಹೆಸರಿನಲ್ಲಿ ಸಿಗುವುದು ಉತ್ತರ ಅಮೆರಿಕದ ಬ್ಲ್ಯಾಕ್ ಬಾಸ್ ಮೀನಿಗೆಂದು ರೂಪುಗೊಂಡ ಕೋಲು. ಆರೂವರೆಯಿಂದ ಏಳೂವರೆ ಅಡಿ, ಹೆಚ್ಚಾಗಿ ಫಾಸ್ಟ್. ಆ ಮೀನು ನಮ್ಮ ಕೆರೆ ಹೊಳೆಗಳದ್ದಲ್ಲ. ಕೇರಳದವರು ಕಾಳಾಂಜಿ ಎನ್ನುವ, ಕರಾವಳಿಯ ಅಳಿವೆಗಳ ಸೀಬಾಸ್ ಹೆಸರಿನಲ್ಲಷ್ಟೇ ಅದರ ನೆಂಟ. ಹಾಗಿದ್ದರೂ ಆ ಕೋಲು ದಾವಣಗೆರೆ ಸೀಮೆಗೆ ಒಗ್ಗಿರುವುದು ಕೊರವನಿಂದ. ಕೊರವ, ಅಂದರೆ ಮುರ್ರಲ್, ಬಾಸ್‌ನಂತೆಯೇ ಜೊಂಡಿನ ಮರೆಯಲ್ಲಿ ಅಲುಗಾಡದೆ ಕಾದು ಮೇಲೆ ಹಾಯ್ದದ್ದನ್ನು ಹೊಡೆಯುತ್ತದೆ. ಗಾಳಿ ನುಂಗಲು ಮೇಲೆ ಬಂದಾಗ ಏಳುವ ಗುಳ್ಳೆಯೇ ಅದರ ವಿಳಾಸ.

ಗುಳ್ಳೆ ಎದ್ದ ಕಡೆಯಿಂದ ಎರಡು ಮಾರು ಆಚೆಗೆ ರಬ್ಬರ್ ಕಪ್ಪೆಯನ್ನು ಎಸೆದು, ಎಲೆಯ ಮೇಲೆ ಕುಪ್ಪಳಿಸುವಂತೆ ಎಳೆಯುತ್ತಾರೆ. ಕಪ್ಪೆಯ ಬೆನ್ನಿಗೆ ಅಂಟಿಕೊಂಡಂತೆ ಎರಡು ಗಾಳ, ಮೊನೆ ಮೇಲ್ಮುಖ, ಜೊಂಡಿಗೆ ಸಿಕ್ಕುವುದಿಲ್ಲ. ನೀರು ಒಮ್ಮೆಲೇ ಬಾಯಿ ತೆರೆದಂತಾಗಿ ಕಪ್ಪೆ ಮಾಯವಾಗುತ್ತದೆ. ಆಗಲೇ ಜಗ್ಗಿದರೆ ಕಪ್ಪೆ ಬರಿಗೈಯಲ್ಲಿ ವಾಪಸ್ಸು. ಒಂದು, ಎರಡು ಎಂದು ಎಣಿಸಿ, ದಾರ ಬಿಗಿದುಕೊಂಡ ಮೇಲೆ ಜಗ್ಗಬೇಕು. ಜಗ್ಗಿದ ಮೇಲೆ ಮೀನಿಗೆ ಜೊಂಡಿನೊಳಗೆ ತಿರುಗಲು ಜಾಗ ಕೊಡುವಂತಿಲ್ಲ. ಆದ್ದರಿಂದ ಇಲ್ಲಿ ಬೇಕಾದದ್ದು ಎಂಎಚ್ ಬಲದ ಫಾಸ್ಟ್ ಕೋಲು, 40 ಪೌಂಡಿನ ಬ್ರೇಡ್. ನಯವಾದ ಸ್ಪರ್ಶಕ್ಕೆ ದುಡ್ಡು ಸುರಿಯುವುದು ಈ ಬೇಟೆಯಲ್ಲಿ ವ್ಯರ್ಥ. ಕೊರವ ಹೊಡೆದದ್ದು ಕೆರೆಯ ಆಚೆ ಏರಿಯಲ್ಲಿ ನಿಂತವನಿಗೂ ಕೇಳಿಸುತ್ತದೆ. ಮರಿಗಳ ಕೆಂಪು ಮುದ್ದೆಯೊಂದು ನೀರಿನ ಮೇಲೆ ಕದಲುತ್ತಿದ್ದರೆ ಕೆಳಗೆ ತಾಯಿ ತಂದೆ ಕಾವಲಿವೆ ಎಂದರ್ಥ. ಅಲ್ಲಿಗೆ ಕಪ್ಪೆ ಎಸೆಯದಿರುವುದು ಮರ್ಯಾದೆ.

ಸ್ಪರ್ಶ ನಿಜಕ್ಕೂ ಬೆಲೆಬಾಳುವುದು ಹೊಳೆಯ ತಳದಲ್ಲಿ ಎರೆ ಇಟ್ಟು ಕಾಯುವಾಗ. ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಇದಕ್ಕೆ ದೊಡ್ಡ ನಿದರ್ಶನ. ಭೀಮೇಶ್ವರಿ ಕಡೆ ಗಾಳಕ್ಕೆ ಮೆತ್ತುತ್ತಿದ್ದದ್ದು ಗಟ್ಟಿ ರಾಗಿಮುದ್ದೆ. ರಭಸದ ನೀರಿನಲ್ಲಿ ಮೀನು ಮುದ್ದೆಯನ್ನು ಮೂಸಿದ್ದಕ್ಕೂ ನೀರು ದಾರವನ್ನು ತಳ್ಳಿದ್ದಕ್ಕೂ ವ್ಯತ್ಯಾಸ ಹೇಳುವುದು ಕೋಲು ಹಿಡಿದ ಬೆರಳು. ಕಚ್ಚಿದ ಮೇಲೆ ಬೇಕಾದದ್ದು ಬಿರುಸಲ್ಲ, ಬುಡದವರೆಗೆ ಮಣಿದು ಓಟವನ್ನು ತಾಳುವ ಉದ್ದನೆಯ ಕೋಲು. ಫಾಸ್ಟ್ ಬಾಸ್ ರಾಡ್ ಇಲ್ಲಿ ಸೋಲುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಆಗಿನ್ನೂ ಗಾಜಿನ ಕೋಲೂ ಮಾರುಕಟ್ಟೆಗೆ ಬಂದಿರಲಿಲ್ಲ. ಈ ಡುಬ್ಬದ ಮಹಶೀರ್ ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಈಗ ಅದು ಅಳಿವಿನ ಅಂಚಿನಲ್ಲಿದೆ. ಕಾವೇರಿ ವನ್ಯಧಾಮದ ಒಳಗೆ ಹಿಡಿದು ಬಿಡುವ ಆಟವೂ ನಿಂತುಹೋಗಿದೆ.

ಬಳಸುವವರಿಗೆ

ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯಲ್ಲಿ ಮೀನುಗಾರರ ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಸೇರಿರುತ್ತದೆ. ಒಳನಾಡಿನ ಮೀನುಗಾರಿಕೆಗೆ 1996ರ ಕರ್ನಾಟಕ ಅಧಿನಿಯಮವಿದೆ. ಕೋಲು ಬಿಚ್ಚುವ ಮೊದಲು ಕೇಳಿಕೊಳ್ಳಬೇಕು.

ಕೋಲು ಮುರಿಯುವುದು ಮೀನಿನಿಂದ ಕಡಿಮೆ, ಕಾರಿನ ಬಾಗಿಲಿನಿಂದ ಹೆಚ್ಚು. ಮೀನು ದಡದ ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ಮೇಲೆತ್ತಿ ತುದಿಯನ್ನು ತಲೆಕೆಳಗಾಗಿಸುವುದು ಎರಡನೆಯ ಕಾರಣ. ತುದಿಯ ಗೈಡಿನ ಹತ್ತಿರ ಮುರಿದರೆ ಹೊಸ ಗೈಡ್ ಅಂಟಿಸಿ ಬಳಸಬಹುದು, ನಡುವೆ ಮುರಿದರೆ ಬೆಂಡೆ ಗಿಡಕ್ಕೆ ಆಸರೆ.

ಬಿದಿರಿನ ಕೋಲು ಹಿಡಿದು ಬೆಳೆದವರು ಕಾರ್ಬನ್ ಕೋಲು ಕೊಂಡಾಗ ಒಂದು ಮಾತು ನೆನಪಿಡಬೇಕು. ಒಣಬಿದಿರು ವಿದ್ಯುತ್ತನ್ನು ಸಲೀಸಾಗಿ ಹಾಯಿಸುವುದಿಲ್ಲ, ಕಾರ್ಬನ್ ಹಾಯಿಸುತ್ತದೆ. ಅಚ್ಚುಕಟ್ಟಿನ ನಾಲೆ ಏರಿಗಳ ಮೇಲೆ ಪಂಪ್‌ಸೆಟ್ಟಿನ ತಂತಿಗಳು ಅಡ್ಡಹಾಯ್ದಿರುತ್ತವೆ, ಕೆಲವು ಕಡೆ ಜೋತುಬಿದ್ದಿರುತ್ತವೆ. ತಂತಿಯ ಕೆಳಗೆ ನಿಂತು ಕೋಲು ಎತ್ತಬೇಡಿ, ಎಸೆಯಬೇಡಿ. ಗುಡುಗು ಕೇಳಿದ ಕೂಡಲೇ ಕೋಲನ್ನು ನೆಲಕ್ಕೆ ಮಲಗಿಸಿ ದೂರ ಬನ್ನಿ.